ಪರದೆ ಎಳೆಯುವ ಅವಸರ

ಪರದೆ ಎಳೆಯುವುದಕ್ಕೆ ತಲೆ ಬೇಕಿಲ್ಲ, ತೋಳಿದ್ದರೆ ಸಾಕು ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗೆ ತಿಳಿದೇ ಒಬ್ಬ ದೊಡ್ಡ ಮನುಷ್ಯರ ನಾಟಕವನ್ನು, ಅವರು ಮುಗಿಸಬೇಡ ಎಂದಿದ್ದ ಜಾಗದಲ್ಲಿ, ಹಗ್ಗ ಜಗ್ಗಿ ಮುಗಿಸಿಬಿಟ್ಟೆ. ಆಮೇಲೆ ಅವರು ಇನ್ನೊಂದು ನಾಟಕ ಮಾಡಲಿಲ್ಲ. ಹೋದ ಶ್ರಾವಣದಲ್ಲಿ ತೀರಿಕೊಂಡರು. ದೀಪಾವಳಿ ಕಳೆದ ಮೇಲೆ ಬನಹಟ್ಟಿಯಿಂದ ನಮ್ಮ ತಂಡದ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಫೋನು ಮಾಡಿದರು. "ಸರ್ ಹೆಸರಿನ್ಯಾಗ ಅದ ನಾಟಕ ಮತ್ತ ಆಡೋದೈತ್ರಿ. ಪರದಿಗೆ ನೀವ ಬರಬೇಕು," ಅಂದರು. ಅಲ್ಲಿಂದ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮುಧೋಳದ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಒಬ್ಬಳ ಹೆಸರನ್ನೇ ಮೂರು ಸಲ ಕೂಗಿದೆ. ಹುಡುಗರು ನಕ್ಕರು. ನಗಲಿ ಬಿಡಿ.

ಅವರನ್ನು ನಾನು ಸರ್ ಎಂದೇ ಬರೆಯುತ್ತೇನೆ. ಹೆಸರು ಹಾಕಿದರೆ ಹುಟ್ಟಿದ ವರ್ಷ, ಪಡೆದ ಪದವಿ, ಏರಿದ ಹುದ್ದೆ ಎಲ್ಲ ಬೆನ್ನು ಹತ್ತಿ ಬರುತ್ತವೆ, ಮನುಷ್ಯ ಮಾತ್ರ ಎಲ್ಲೋ ಹಿಂದೆ ಉಳಿಯುತ್ತಾನೆ. ಗಲಗಲಿಯವರು, ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಅಷ್ಟು ಸಾಕು. ಉದ್ದಕ್ಕೆ, ತೆಳ್ಳಗೆ ಇದ್ದರು. ಅಂಗಿಯ ಎರಡನೇ ಗುಂಡಿಯನ್ನು ಸದಾ ತಿರುವುತ್ತಿದ್ದುದರಿಂದ ಅದು ವರ್ಷಕ್ಕೆ ನಾಲ್ಕು ಸಲವಾದರೂ ಕಿತ್ತುಬರುತ್ತಿತ್ತು. ನಮ್ಮ ತರಗತಿಗೆ ಎರಡು ಬಾಗಿಲಿದ್ದವು. ಸರ್ ಪಾಠ ಹೇಳುತ್ತ ಹೇಳುತ್ತ ಮುಂದಿನ ಬಾಗಿಲಿನಿಂದ ವರಾಂಡಕ್ಕೆ ಹೋಗಿ, ಮಾತು ನಿಲ್ಲಿಸದೆಯೇ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ನಡುವಿನ ಮೂರು ನಾಲ್ಕು ವಾಕ್ಯ ವರಾಂಡದ ಪಾಲು. ನನ್ನ ನೋಟ್‌ಬುಕ್ಕಿನಲ್ಲಿ ಆ ಜಾಗಗಳು ಇವತ್ತಿಗೂ ಖಾಲಿ ಇವೆ. ಒಂದು ದಿನ ಧೈರ್ಯ ಮಾಡಿ, "ಸರ್, ಹೊರಗ ಹೇಳಿದ್ದು ಕೇಳಲಿಲ್ರಿ," ಅಂದೆ.

"ಛಲೋ ಆತಲ್ಲ! ಅದನ್ನ ನೀನ ಬರಕೋ," ಅಂದರು.

ಪರೀಕ್ಷೆಯಲ್ಲಿ ನಾನೇ ಬರೆದುಕೊಂಡೆ. ಅಂಕ ಕೊಟ್ಟವರು ಬೇರೆ ಊರಿನವರು, ಅವರಿಗೆ ಈ ತತ್ವ ಗೊತ್ತಿರಲಿಲ್ಲ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಅವರ ಒಂದು ಕೆಲಸವೂ ಪೂರಾ ಆಗುತ್ತಿರಲಿಲ್ಲ. ಚಹಾದ ಕೊನೆಯ ಗುಟುಕು ಲೋಟದಲ್ಲೇ ಉಳಿಯುತ್ತಿತ್ತು. ಬಸ್ಸಿನಲ್ಲಿ ಬಂದರೆ ತಮ್ಮ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತಿದ್ದರು. ಭಾಷಣದ ಕೊನೆಗೆ "ಇಷ್ಟು ಹೇಳಿ" ಎಂದು ಎಲ್ಲರೂ ಅನ್ನುತ್ತಾರಲ್ಲ, ಸರ್ ಅದನ್ನೂ ಅನ್ನದೆ ಮೈಕು ಬಿಟ್ಟು ಇಳಿದುಬಿಡುತ್ತಿದ್ದರು. ಜನ ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹುಡುಗರು ಅವರಿಗೆ ‘ಮುಗೀಲಾರದ ಸರ್’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಖುಷಿಯೇ ಆಗಿದ್ದರು.

ಶನಿವಾರ ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಓದುವ ಕೂಟ ಸೇರುತ್ತಿತ್ತು. ಗೋಡೆಯ ಮೇಲೆ ಒಂದು ಹಳೆಯ ಜಗತ್ತಿನ ನಕ್ಷೆ. ಸರ್ ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಚುರುಮುರಿ ಸುಸಲಾ ಮಾಡಿ ತಟ್ಟೆಗಳನ್ನು ಇಟ್ಟು ಅಡುಗೆಮನೆಯ ಹೊಸ್ತಿಲ ಒಳಗೆ ಕೂರುತ್ತಿದ್ದರು. ಆಧುನಿಕೋತ್ತರ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಬಾಯಿ ತುಂಬ ಸುಸಲಾ ಇಟ್ಟುಕೊಂಡು. ಸರ್ ಚಮಚದಿಂದ ನಕ್ಷೆಯ ಮೇಲೆ ತಟ್ಟುತ್ತ ಹೇಳುತ್ತಿದ್ದರು.

"ಎರಡು ದೊಡ್ಡ ಯುದ್ಧ ಆದ ಮ್ಯಾಲ ಇಲ್ಲಿ ಯುರೋಪಿನ ಮಂದಿಗೆ ದೊಡ್ಡ ಕಥಿ ಮ್ಯಾಲ ನಂಬಿಕಿ ಹೋತು. ನಾಳೆ ಇವತ್ತಿಗಿಂತ ಛಲೋ ಇರತೈತಿ, ಎಲ್ಲಾರೂ ಮುಂದ ಹೊಂಟೇವಿ ಅನ್ನೋ ಕಥಿ ಐತಲ್ಲ, ಅದರ ಮ್ಯಾಲ. ಆಮ್ಯಾಲ ನೋಡ, ಇಲ್ಲಿ ಅಮೆರಿಕಾದಾಗ, ಕೆಳಗ ದಕ್ಷಿಣದಾಗ, ಆ ಕಡೆ ಜಪಾನದಾಗ, ಯಾರೂ ಯಾರಿಗೂ ಹೇಳಿ ಕಳಿಸಿಲ್ಲ, ಆದ್ರ ಎಲ್ಲಾ ಕಡೆ ಬರಿಯೋರು ಕಥಿ ಹೊಲಿಗಿ ಬಿಚ್ಚಾಕ ಹತ್ತಿದ್ರು. ಕಾದಂಬರಿ ನಡುವ ಬರದಾಂವ ಬಂದು ‘ಇದೆಲ್ಲಾ ನಾ ಕಟ್ಟಿದ್ದು’ ಅಂತಾನ. ನಟ ನಡುವ ನಿಂತು ಮಂದೀನ್ನ ಮಾತಾಡಸ್ತಾನ. ಒಂದ ಸಂಗತಿ ನಾಲ್ಕು ಮಂದಿ ನಾಲ್ಕು ತರಾ ಹೇಳ್ತಾರ, ಖರೆ ಯಾವುದು ಅಂತ ಯಾರೂ ಹೇಳಂಗಿಲ್ಲ."

ನನ್ನ ಅಜ್ಜ ದೊಡ್ಡಾಟದಲ್ಲಿ ವೇಷ ಹಾಕುತ್ತಿದ್ದವನು. ನನಗೆ ರೋಷ ಬಂತು. "ಇದರಾಗ ಹೊಸಾದೇನೈತ್ರಿ? ನಮ್ಮ ಆಟದಾಗ ರಾಜ ಬಂದ ಕೂಡ್ಲೆ ಸಾರಥಿ ಅಡ್ಡ ನಿಂತು ‘ತಾವು ಯಾರು’ ಅಂತ ಕೇಳ್ತಾನಲ್ರಿ. ಸತ್ತ ರಾಕ್ಷಸ ಎದ್ದು ಹೋಗಿ ಚಹಾ ಕುಡೀತಾನ. ನಮ್ಮ ಮಂದಿ ಇದನ್ನ ಯಾವಾಗೋ ಮಾಡ್ಯಾರ," ಅಂದೆ.

"ಎದಿ ತಟ್ಟಕೋಬ್ಯಾಡಲೇ," ಅಂದರು ಸರ್. ಆದರೆ ಚಮಚ ನಿಂತಿತು. ಸ್ವಲ್ಪ ಹೊತ್ತು ಗುಂಡಿ ತಿರುವಿದರು. "ನೀ ಹೇಳೋದು ಅರ್ಧ ಖರೆ. ನಮ್ಮ ಆಟದಾಗೂ ನಡುವ ಏನ ಬೇಕಾದ್ರೂ ಮುರೀತಾರ. ಆದ್ರ ಕಡೀಕ ಮಂಗಳ ಹಾಡಿ ಎಲ್ಲಾ ಹೊಲದ ಬಿಡ್ತಾರ. ಅವರಿಗೆ ಮಂಗಳ ಇಲ್ಲ. ಅದ ಫರಕ."

ಈ ಮಂಗಳದ ವಿಷಯ ಹೊರಗಿನವರಿಗೆ ಹೇಳಬೇಕು. ನಮ್ಮ ಕಡೆ ಬಯಲಾಟವಿರಲಿ, ಸಣ್ಣಾಟವಿರಲಿ, ಊರ ಹುಡುಗರ ಸಾಮಾಜಿಕ ನಾಟಕವಿರಲಿ, ಕೊನೆಗೆ ಪೇಟಿ ಬಾರಿಸಿ ಮಂಗಳದ ಪದ ಹಾಡಿ ಆರತಿ ಬೆಳಗಲೇಬೇಕು. ಅದಾಗುವ ತನಕ ಯಾರೂ ಮುಖದ ಬಣ್ಣ ತೊಳೆಯುವುದಿಲ್ಲ. ಹಂದರದವನು ಒಂದು ಗೂಟವನ್ನೂ ಕೀಳುವುದಿಲ್ಲ. ಹಾಡದೆ ಬಿಟ್ಟರೆ ಆಟ ಊರಲ್ಲೇ ಅಲೆದಾಡುತ್ತದೆ ಎಂದು ಹಿರಿಯರ ಅಂಜಿಕೆ. ನಗಬೇಡಿ, ಬಿ.ಎ. ಓದಿದ ನನಗೂ ಆ ಅಂಜಿಕೆ ಹೊಟ್ಟೆಯಲ್ಲಿತ್ತು.

ಆ ಶನಿವಾರದಿಂದ ಸರ್‌ಗೆ ಒಂದೇ ಹುಚ್ಚು. ನೇಕಾರರ ಊರಾದ ಬನಹಟ್ಟಿಯ ಜನದ ಮುಂದೆ ಮಂಗಳವಿಲ್ಲದ ನಾಟಕ ಆಡಿದರೆ ಏನಾಗುತ್ತದೆ? ಪರದೇಶದಲ್ಲಿ ಜನ ಎದ್ದು ಹೋಗುತ್ತಾರೆ, ಇಲ್ಲವೆ ಚಪ್ಪಾಳೆ ಹೊಡೆಯುತ್ತಾರೆ. ನಮ್ಮವರು ಏನು ಮಾಡುತ್ತಾರೆ? ಇದನ್ನು ಅವರು ವರ್ಷಗಟ್ಟಲೆ ಕೇಳಿದರು. ಅಷ್ಟರಲ್ಲಿ ನಾನು ಧಾರವಾಡಕ್ಕೆ ಹೋಗಿ ಎಂ.ಎ. ಮುಗಿಸಿ, ಅದೇ ಕಾಲೇಜಿಗೆ ಕನ್ನಡದ ಅತಿಥಿ ಉಪನ್ಯಾಸಕನಾಗಿ ವಾಪಸು ಬಂದೆ. ಬಂದ ದಿನವೇ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಬಾ ಲೇ, ನಾಟಕ ಬರದೇನಿ. ನೀನ ಪರದಿ," ಅಂದರು. ಅಂದಿನಿಂದ ನನ್ನ ಹೆಸರೇ ಪರದಿ ಆಯಿತು. ಕಾಲೇಜಿನ ಪ್ರಿನ್ಸಿಪಾಲರ ಎದುರಿಗೂ "ಲೇ ಪರದಿ" ಎಂದು ಕೂಗುತ್ತಿದ್ದರು. ನಾನು ಸಿಡಿಮಿಡಿ ಮಾಡಿದಂತೆ ತೋರಿಸುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ.

ನಾಟಕದ ಹೆಸರು ‘ಆಕಿ ಎಲ್ಲಿ?’ ಒಬ್ಬ ನೇಕಾರನ ಮನೆ. ರಾಟಿ ಅರ್ಧಕ್ಕೆ ನಿಂತಿದೆ, ಸುತ್ತುತ್ತಿದ್ದ ಕಂಡಕಿಯ, ಆ ಸಣ್ಣ ಉರುಳೆಯ, ನೂಲು ಇನ್ನೂ ತೂಗುತ್ತಿದೆ, ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಮನೆಯ ಹೆಂಗಸು ಇಲ್ಲ. ಗಂಡ ಬಂದು ತವರಿಗೆ ಹೋಗಿದ್ದಾಳೆ ಎನ್ನುತ್ತಾನೆ. ಅತ್ತೆ ಬಂದು ಹೊಳೆಗೆ ಹೋಗಿದ್ದಾಳೆ ಎನ್ನುತ್ತಾಳೆ. ನೆರೆಯವಳು ಬೇರೆ ಹೇಳುತ್ತಾಳೆ, ಸೂರತ್ತಿನಿಂದ ಬಂದ ನೂಲಿನ ದಲಾಲಿ ಬೇರೆ ಹೇಳುತ್ತಾನೆ. ನಾಲ್ವರು ಹೇಳಿದ್ದೂ ನಮ್ಮ ಕಣ್ಣೆದುರು ನಡೆಯುತ್ತದೆ, ಪ್ರತಿ ಸಲ ಆಕೆ ಬೇರೆಯವಳೇ. ಕೊನೆಗೆ ಗಂಡನ ಪಾತ್ರದವನು ರಂಗದ ಅಂಚಿಗೆ ಬಂದು, "ನೀವ ಹೇಳ್ರಿ, ಆಕಿ ಎಲ್ಲಿ ಹ್ವಾದ್ಲು?" ಎಂದು ಜನರನ್ನೇ ಕೇಳುತ್ತಾನೆ. ಕೇಳಿ ಅಲ್ಲೇ ನಿಲ್ಲುತ್ತಾನೆ. ಅಷ್ಟೇ. ಮುಂದೆ ಬರೆದಿಲ್ಲ.

ಬರೆದಿಲ್ಲ ಎಂದೆ. ಬರೆದವರು ಸರ್, ಆದರೆ ನಮ್ಮ ಕೈಗೆ ಬಂದ ಪ್ರತಿಯಲ್ಲಿದ್ದದ್ದು ಕಾಕು ಅವರ ಅಕ್ಷರ. ಸರ್ ಬರಹ ಸರ್‌ಗೇ ಓದಲು ಬರುತ್ತಿರಲಿಲ್ಲ. ಅನುವಾದಿಸಿದ ಪರದೇಶದ ನಾಟಕಗಳನ್ನೂ, ಸ್ವಂತದ್ದನ್ನೂ, ಹೊಡೆದು ಹಾಕಿದ್ದನ್ನು ಬಿಟ್ಟು, ಅಂಚಿನಲ್ಲಿ ಗೀಚಿದ್ದನ್ನು ಸೇರಿಸಿ, ಕಾಕು ಆ ಹೊಸ್ತಿಲ ಒಳಗೆ ಕೂತು ದುಂಡಗೆ ಬರೆದುಕೊಡುತ್ತಿದ್ದರು. ಪೋಲೆಂಡಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಜಮಖಂಡಿ ಮಾತಿಗೆ ಬಂದ ನಾಟಕ ಅವರ ಕೈ ದಾಟದೆ ನಮಗೆ ಬರುತ್ತಿರಲಿಲ್ಲ. ಅದರ ಬಗ್ಗೆ ಒಂದು ಮಾತನ್ನೂ ಅವರು ಆಡಿದ್ದು ನನಗೆ ನೆನಪಿಲ್ಲ. ನಾವೂ ಆಡಿಸಲಿಲ್ಲ.

ಬನಹಟ್ಟಿಯ ನೇಕಾರರೇ ಪಾತ್ರ ಮಾಡಿದರು. ಮಗ್ಗ ನಿಂತ ಮೇಲೆ ಸಂಜೆ ತಾಲೀಮು. ಎಲ್ಲ ಸುಸೂತ್ರ ನಡೆಯಿತು, ಕೊನೆಯದೊಂದು ಬಿಟ್ಟು. ಪೇಟಿ ಮಾಸ್ತರರದು ಮಂಗಳಕ್ಕಾಗಿ ಸರ್ ಜೊತೆ ದಿನಾ ಜಗಳ.

"ಎರಡ ಸಾಲು ಹಾಡ್ತೀನ್ರಿ. ಬರೇ ಎರಡು."

"ಬ್ಯಾಡ್ರಿ ಮಾಸ್ತರ."

"ಸ್ಟೇಜಿನ ಹಿಂದ ನಿಂತು, ನನ್ನಷ್ಟಕ್ಕ ನಾ ಹಾಡ್ಕೋತೀನ್ರಿ. ಮಂದಿಗೆ ಕೇಳಂಗಿಲ್ಲ."

"ನನಗ ಕೇಳತೈತಲ್ರಿ," ಎಂದು ಸರ್ ಕೈ ಮುಗಿದರು.

ನನಗೆ ಹೇಳಿದ್ದು ಒಂದೇ ಮಾತು. "ಪರದಿ, ಕಡೀಕ ನೀ ಹಗ್ಗ ಮುಟ್ಟಬ್ಯಾಡ. ಮಂದಿ ಏಳಲಿ, ಬೈಲಿ, ಮನಿಗೆ ಹೋಗಲಿ. ನಾ ಕಣ್ಣ ಸನ್ನಿ ಮಾಡೂತನಾ ಮುಟ್ಟಬ್ಯಾಡ." ಹಾಗಿದ್ದರೆ ಪರದೆ ಯಾಕೆ ಕಟ್ಟಬೇಕು ಎಂದು ನಾನು ರೇಗಿದೆ. "ಎಳೀಲಾರದ್ದು ಮಂದಿಗೆ ಕಾಣಬೇಕಲ್ಲೋ ಹುಚ್ಚಪ್ಯಾಲಿ," ಅಂದರು.

ಆಟದ ದಿನ ಓಣಿಗೆ ಓಣಿಯೇ ಬಂದಿತ್ತು. ಸಂಜೆ ಆರಕ್ಕೆ ಸುರು. ನೂಲಿನ ದಲಾಲಿ ಬಂದಾಗ ಜನ ಬಿದ್ದು ಬಿದ್ದು ನಕ್ಕರು, ಹೊಳೆಯ ದೃಶ್ಯದಲ್ಲಿ ಹೆಂಗಸರು ಸೆರಗು ಬಾಯಿಗೆ ಹಚ್ಚಿದರು. ಸರ್ ಮೊದಲ ಸಾಲಿನ ಬದಿಗೆ, ಜನರತ್ತ ಮುಖ ಮಾಡಿ ಕೂತಿದ್ದರು. ನಾಟಕವನ್ನು ಅವರು ನೋಡಲೇ ಇಲ್ಲ, ಜನರನ್ನು ನೋಡಿದರು. ಕೊನೆಗೆ ಗಂಡ ಮುಂದೆ ಬಂದ. "ನೀವ ಹೇಳ್ರಿ, ಆಕಿ ಎಲ್ಲಿ ಹ್ವಾದ್ಲು?" ಅಂದ.

ಗಪ್. ಎಲ್ಲೋ ಒಂದು ಕೂಸು ಅತ್ತಿತು, ಅದನ್ನೂ ಯಾರೋ ಸುಮ್ಮನಾಗಿಸಿದರು. ನಟನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನು ನನ್ನನ್ನು ನೋಡಿದ. ನಾನು ಸರ್ ಕಡೆ ನೋಡಿದೆ, ಅವರು ಜನರ ಕಡೆ ನೋಡುತ್ತಿದ್ದರು. ಆ ಗಪ್ಪು ನನ್ನ ಮೈಮೇಲೆ ಏರಿ ಬಂದಂತಾಯಿತು. ಜನ ನಗುತ್ತಾರೆ, ಕಲ್ಲು ಹೊಡೆಯುತ್ತಾರೆ, ಸರ್ ಮರ್ಯಾದೆ ಹೋಗುತ್ತದೆ, ಏನೇನೋ ಹೊಳೆಯಿತು. ಪೇಟಿ ಮಾಸ್ತರರ ಬೆರಳು ಆಗಲೇ ಪೇಟಿಯ ಮನೆಗಳ ಮೇಲಿದ್ದವು. ಅವರು ನನ್ನತ್ತ ಕತ್ತು ಆಡಿಸಿದರು. ನಾನೂ ಆಡಿಸಿದೆ. ಪೇಟಿ ನುಡಿಯಿತು, ಮಂಗಳ ಎದ್ದಿತು, ನಾನು ಹಗ್ಗ ಜಗ್ಗಿದೆ.

ಎಪ್ಪಾ, ಆ ಚಪ್ಪಾಳೆ! ಜನ ನಿಂತು ಕೈ ಮುಗಿದರು. ಒಬ್ಬರು ಬಂದು ನನಗೇ ಶಾಲು ಹೊದಿಸಿದರು. ಎದೆ ಉಬ್ಬಿಸಿಕೊಂಡು ಸರ್ ದಾರಿ ಕಾಯುತ್ತ ನಿಂತೆ, ಬೆನ್ನು ತಟ್ಟುತ್ತಾರೆ ಎಂದು. ಅವರು ಮೆಲ್ಲಗೆ ಹಿಂದೆ ಬಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಯಾಕ ಅವಸರ ಮಾಡಿದ್ರಿ?" ಅಂದರು.

ಮಾಡಿದಿ ಅನ್ನಲಿಲ್ಲ, ಮಾಡಿದ್ರಿ ಅಂದರು. ಅವತ್ತಿನಿಂದ ನಾನು ಪರದಿ ಆಗಿ ಉಳಿಯಲಿಲ್ಲ, ನೀವು ಆದೆ. "ಬರ್ರಿ, ಕೂಡ್ರಿ, ಚಹಾ ತಗೋರಿ." ಆ ರೀ ಎನ್ನುವುದು ಹತ್ತಿದಾಗಲೆಲ್ಲ ನನಗೆ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ನಾಟಕ ಬೀಳಗಿಯಲ್ಲಿ ಆಯಿತು, ಮುಧೋಳದಲ್ಲಿ ಆಯಿತು, ಗಲಗಲಿಯಲ್ಲೂ ಆಯಿತು, ಎಲ್ಲ ಕಡೆ ಮಂಗಳದೊಂದಿಗೇ. ಜನ ಕೊನೆಯ ಆ ಹಾಡನ್ನೇ ಹೊಗಳಿದರು. ಸರ್ "ಮಂದಿಗೆ ಸೇರೇತಿ, ನಡೀಲಿ" ಅಂದರು, ಒಂದಕ್ಕೂ ಬರಲಿಲ್ಲ. ತಪ್ಪಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಎಂದರೆ, ತಪ್ಪಾಗಿದೆ ಎಂದು ನನಗೆ ಅನಿಸಿಯೇ ಇರಲಿಲ್ಲ. ಮರ್ಯಾದೆ ಉಳಿಸಿದ್ದೇನೆ ಎಂದೇ ಸೆಟೆದುಕೊಂಡಿದ್ದೆ. ಮುಧೋಳಕ್ಕೆ ಕಾಯಂ ನೌಕರಿ ಸಿಕ್ಕಿತು, ಹೊರಟುಬಂದೆ. ಹತ್ತು ಹನ್ನೊಂದು ವರ್ಷ ಹಾಗೇ ಹೋದವು.

ಅವರು ತೀರಿಕೊಂಡ ಮೂರನೇ ದಿನ ಜಮಖಂಡಿಗೆ ಹೋದೆ. ನಕ್ಷೆ ಇನ್ನೂ ಗೋಡೆಯ ಮೇಲಿತ್ತು. ಕಾಕು ನೀರು ಕೊಟ್ಟು ಅದೇ ಹೊಸ್ತಿಲ ಬಳಿ ಕೂತರು. ಅತ್ತು ಮುಗಿಸಿದ್ದರು. ಮಾತು ಅಲ್ಲಿ ಇಲ್ಲಿ ಸುತ್ತಿ ಅವತ್ತಿನ ಆಟಕ್ಕೆ ಬಂತು.

"ನೀ ಪರದಿ ಎಳದ್ಯಲ್ಲ ತಮ್ಮಾ, ಅವತ್ತ ಮೂರನೇ ಸಾಲಿನ್ಯಾಗ ಒಬ್ಬಾಕಿ ಎದ್ದಿದ್ಲಂತ," ಅಂದರು.

"ಯಾರ್ರಿ ಕಾಕು?"

"ಯಾರಿಗೊತ್ತು. ಹಸರ ಸೀರಿ ಉಟ್ಟಾಕಿ. ಎದ್ದು ಬಾಯಿ ತೆರದಿದ್ಲಂತ. ಇನ್ನೇನ ಹೇಳಬೇಕು, ಅಷ್ಟರಾಗ ಪೇಟಿ ಸುರು ಆತಂತ. ಇವರು ನೋಡಿದ್ರು. ಆಕಿ ಕೈ ಮುಗದು ಕುಂತಬಿಟ್ಲಂತ."

ಕಾಕು ಹೇಳುತ್ತಲೇ ಇದ್ದರು. ಸರ್ ನಿವೃತ್ತಿಯಾಗುವವರೆಗೂ, ಆದ ಮೇಲೂ, ರವಿವಾರ ಬಂತೆಂದರೆ ಬನಹಟ್ಟಿಗೆ ಹೋಗುತ್ತಿದ್ದರಂತೆ. ಓಣಿ ಓಣಿ ತಿರುಗುವುದು, ಮಗ್ಗದ ಸದ್ದು ಇರುವ ಮನೆಯ ಮುಂದೆ ನಿಲ್ಲುವುದು, ಆ ನಾಟಕಕ್ಕೆ ಹಸಿರು ಸೀರೆ ಉಟ್ಟು ಬಂದವಳು ಯಾರು, ಏನು ಹೇಳಬೇಕೆಂದಿದ್ದಳು ಎಂದು ಕೇಳುವುದು. ಹಸಿರು ಸೀರೆ ಬನಹಟ್ಟಿಯಲ್ಲಿ ಯಾರ ಬಳಿ ಇಲ್ಲ? ಜನ ನಕ್ಕಿದ್ದರು, ಒಂದೆರಡು ಕಡೆ ಗಂಡಸರು ಬೈದು ಅಟ್ಟಿದ್ದರು. "ಹಿಂತಾ ವಯಸ್ಸಿನ್ಯಾಗ ಹೆಂಗಸರನ್ನ ಕೇಳ್ಕೋತ ಅಡ್ಡಾಡ್ತಾರಂತ ಮಂದಿ ನನಗ ಬಂದು ಹೇಳಿದ್ರು. ನಾ ಏನ ಅನ್ನಲಿ? ಪ್ರತೀ ರವಿವಾರ ಎರಡ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ ಕೊಡ್ತಿದ್ನಿ," ಅಂದರು ಕಾಕು.

ಆಕೆ ಸಿಗಲಿಲ್ಲ. ನನಗೆ ಆಗ ಗೊತ್ತಾಯಿತು ನಾನು ಏನು ಮಾಡಿದ್ದೆ ಎಂದು. ಪ್ರಪಂಚದ ಮೂಲೆ ಮೂಲೆಯ ನಾಟಕ ಓದಿ ಅವರು ಒಂದು ಪ್ರಶ್ನೆ ಕೇಳಿದ್ದರು. ಬನಹಟ್ಟಿ ಉತ್ತರ ಕೊಡಲು ಎದ್ದು ನಿಂತಿತ್ತು. ನಾನು ನಡುವೆ ಬಟ್ಟೆ ಇಳಿಬಿಟ್ಟೆ. ಬಸ್ಸಿನಲ್ಲಿ ಮುಧೋಳದವರೆಗೂ ನನಗೆ ನನ್ನ ಮೇಲೆ ಎಂಥ ಹೇಸಿಗೆ ಬಂತೆಂದರೆ, ಪಕ್ಕದವರು ಮೈ ಹುಷಾರಿಲ್ಲವೇ ಎಂದು ಕೇಳಿದರು.

ಇದಾದ ಮೇಲೆಯೇ ಪೇಟಿ ಮಾಸ್ತರರ ಫೋನು. ಈ ಸಲ ಸರ್ ಬರೆದಂತೆಯೇ ಆಗಬೇಕು, ಮಂಗಳ ಬೇಡ ಎಂದೆ. ಮಾಸ್ತರರು ಕಿಡಿಯಾದರು.

"ಸತ್ತವರ ಹೆಸರಿನ ಆಟ! ಇದಕ್ಕ ಮಂಗಳ ಇಲ್ಲಂದ್ರ ಹೆಂಗ್ರಿ? ಅವರ ಜೀವ ಇಲ್ಲೇ ಅಡ್ಡಾಡಬೇಕೇನು?"

"ಅಡ್ಡಾಡೋದು ಅವರಿಗೆ ಸೇರತಿತ್ತಲ್ರಿ ಮಾಸ್ತರ."

"ಚ್ಯಾಷ್ಟಿ ಬ್ಯಾಡ್ರಿ. ನಾ ಹಾಡಾಂವ," ಎಂದು ಫೋನು ಇಟ್ಟರು.

ಆಟದ ದಿನ ಜಮಖಂಡಿಗೆ ಹೋಗಿ ಕಾಕು ಅವರನ್ನು ನಾನೇ ಕರೆದುಕೊಂಡು ಬಂದೆ. ಬಸ್ಸಿನಲ್ಲಿ, "ಕಾಕು, ಈ ಸಲ ಸರ್ ಬರದ ಹಂಗ ಮಾಡೋದು ಅಂತ ನಿಕ್ಕಿ ಮಾಡೇನಿ," ಅಂದೆ. ಕಾಕು ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳನ್ನು ನೋಡುತ್ತ, "ನಿಮ್ಮ ನಾಟಕ, ನಿಮಗ ಗೊತ್ತು," ಅಂದರು. ನಾನು ಮಾತು ಮುಂದುವರಿಸಲಿಲ್ಲ. ನನಗೆ ನನ್ನ ಧೈರ್ಯದ್ದೇ ಚಿಂತೆಯಾಗಿತ್ತು.

ಹಂದರದ ಒಂದು ಬದಿಗೆ ಸರ್ ಫೋಟೋ ಇಟ್ಟು ಮಾಲೆ ಹಾಕಿದ್ದರು. ಅದರ ಕೆಳಗೆ, ಮೊದಲ ಸಾಲಿನಲ್ಲಿ ಕಾಕು. ಆಟ ಚೆನ್ನಾಗಿ ನಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹಸಿರು ಸೀರೆಗಳನ್ನೇ ಎಣಿಸುತ್ತಿದ್ದೆ. ಗಂಡನ ಪಾತ್ರಕ್ಕೆ ಅದೇ ನೇಕಾರ, ಈಗ ತಲೆ ನರೆತಿತ್ತು. ಅಂಚಿಗೆ ಬಂದು ಕೇಳಿದ. "ನೀವ ಹೇಳ್ರಿ, ಆಕಿ ಎಲ್ಲಿ ಹ್ವಾದ್ಲು?"

ಮತ್ತೆ ಅದೇ ಗಪ್ಪು. ಮಾಸ್ತರರು ಪೇಟಿಯ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು. ನಾನು ಹಗ್ಗ ಬಿಟ್ಟು ಎರಡೂ ಕೈ ಮುಗಿದೆ. ಅವರ ಕಣ್ಣಲ್ಲಿ ಸಿಟ್ಟಿತ್ತು, ಆದರೆ ನುಡಿಸಲಿಲ್ಲ. ಜನ ಕುರ್ಚಿಯಲ್ಲಿ ಮಿಸುಕಾಡಿದರು. ಹಿಂದಿನಿಂದ ಯಾರೋ "ಮಂಗಳ ಹಾಡ್ರಿ ಇನ್ನ!" ಎಂದು ಕೂಗಿದರು. ಇನ್ನೊಬ್ಬರು ಎದ್ದು ಹೊರಟರು, ಅವರ ಹಿಂದೆ ನಾಲ್ಕು ಜನ. ಮೂರನೇ ಸಾಲನ್ನೇ ನೋಡುತ್ತಿದ್ದೆ. ಅಲ್ಲಿ ಯಾರೂ ಏಳಲಿಲ್ಲ.

ಎದ್ದದ್ದು ಮೊದಲ ಸಾಲಿನಲ್ಲಿ. ಮಂಡಿ ಹಿಡಿದುಕೊಂಡು, ಮುಂದೆ ಕಟ್ಟಿದ್ದ ಅಡ್ಡ ಕಟ್ಟಿಗೆಗೆ ಕೈ ಆನಿಸಿ, ಕಾಕು ಎದ್ದರು.

"ಎಲ್ಲಿ ಹ್ವಾದ್ಲು, ಎಲ್ಲಿ ಹ್ವಾದ್ಲು ಅಂತ ನಾಲ್ಕೂ ಮಂದಿ ಹೇಳಿದ್ರಿ," ಅಂದರು. ಮೈಕಿಲ್ಲದೆಯೂ ಕೇಳಿಸಿತು. "ಯಾಕ ಹ್ವಾದ್ಲು ಅಂತ ಒಬ್ಬರೂ ಕೇಳಲಿಲ್ಲ."

ನಟನಿಗೆ ಬರೆದುಕೊಟ್ಟ ಮಾತು ಮುಗಿದಿತ್ತು. ಕಾಕು ಫೋಟೋದ ಕಡೆ ತಿರುಗಿದರು.

"ಇವರೂ ಕೇಳಲಿಲ್ಲ. ಐದ ಸಲ ಪ್ರತಿ ಮಾಡಿಸಿದ್ರು ಈ ನಾಟಕಾನ್ನ. ಐದೂ ಸಲ ನಾನ ಬರದೇನಿ. ಹಸರ ಸೀರಿಯಾಕಿ ಏನ ಹೇಳ್ತಿದ್ಲೋ ಅಂತ ಊರೆಲ್ಲಾ ತಿರಗಿದ್ರು. ಮನ್ಯಾಗ ಒಬ್ಬಾಕಿ ಕುಂತಾಳ, ಆಕೀನ್ನ ಒಮ್ಮೆರ ಕೇಳೋಣು ಅಂತ ಅನಸಲಿಲ್ಲ. ಕೇಳಿದ್ರ ಹೇಳ್ತಿದ್ನಿ."

ಹೇಳಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಹೊರಟಿದ್ದವರು ಹಂದರದ ಬಾಗಿಲಲ್ಲೇ ನಿಂತಿದ್ದರು. ಹಿಂದಿನ ಸಾಲಿನಿಂದ ಒಬ್ಬಳು, "ಖರೆ ಐತ್ರಿ ಅವ್ವಾರ," ಅಂದಳು. ಅವಳ ಪಕ್ಕದವಳು ಇನ್ನೇನೋ ಅಂದಳು, ಒಬ್ಬ ಗಂಡಸು ಅದಕ್ಕೆ ಅಡ್ಡ ಮಾತಾಡಿದ, ಹತ್ತು ಹೆಂಗಸರು ಅವನ ಮೇಲೆ 'ಸುಮ್ಮ ಕುಂಡ್ರೋ' ಎಂದು ಹರಿಹಾಯ್ದರು. ಪೇಟಿ ಮಾಸ್ತರರು ಬಹಳ ಹೊತ್ತು ನೋಡಿ, ತಿದಿಯ ಕೊಂಡಿ ಹಾಕಿ, ಪೇಟಿಯನ್ನು ಬಗಲಿಗೆ ಎತ್ತಿಕೊಂಡು ಹೋದರು. ಮಂಗಳ ಆಗಲಿಲ್ಲ. ಜನ ಹಾಗೇ ಮಾತಾಡುತ್ತ ಮಾತಾಡುತ್ತ ಮನೆಗೆ ಹೋದರು.

ಕಾಕು ಅವರನ್ನು ಮನೆಗೆ ಬಿಡುವಾಗ ನಾನು ಏನಾದರೂ ಹೇಳಬೇಕಿತ್ತು. ಸರ್ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಎಂದು ಸುಳ್ಳೋ ನಿಜವೋ ಒಂದು ಮಾತು ಅಂದೆ. "ಹ್ಞೂಂ," ಅಂದರು. ಸರ್ ಮೇಲೆ ನನಗೆ ಇಷ್ಟು ಪ್ರೀತಿ ಇದ್ದೂ ಅವತ್ತು ರಾತ್ರಿಯೆಲ್ಲ ಸಿಟ್ಟು ಬಂತು. ಜಗತ್ತಿನ ದೊಡ್ಡ ಕಥೆಗಳನ್ನೆಲ್ಲ ಸಂಶಯಪಟ್ಟ ಮನುಷ್ಯ, ಮನೆಯೊಳಗಿನ ಕಥೆಯನ್ನು ಕೇಳದೆಯೇ ನಂಬಿಬಿಟ್ಟಿದ್ದರು. ಆಮೇಲೆ ನನ್ನ ಮೇಲೂ ಬಂತು. ಬಸ್ಸಿನಲ್ಲಿ ಅವರನ್ನು ಒಂದು ಮಾತೂ ಕೇಳದೆ ‘ನಿಕ್ಕಿ ಮಾಡೇನಿ’ ಎಂದು ತಿಳಿಸಿದವನು ನಾನೇ ಅಲ್ಲವೇ?

ಇವತ್ತು ಬೆಳಿಗ್ಗೆ, ಆಟವಾಗಿ ಮೂರನೇ ದಿನ, ಹಂದರದವನ ಫೋನು ಬಂತು. "ಸರ, ಮಂಗಳ ಆಗಿಲ್ಲಂತ ನಮ್ಮ ಮಂದಿ ಹಂದರ ಮುಟ್ಟವಲ್ರು. ಅಲ್ಲೇ ನಿಂತೈತಿ. ಹೆಣ್ಮಕ್ಕಳು ದಿನಾ ಸಂಜೀಕ ಬಂದು ಕುಂತು ಮಾತಾಡಾಕತ್ಯಾರ. ಬಿಚ್ಚಲ್ಯೋ ಬ್ಯಾಡೋ, ಒಂದ ಮಾತ ಹೇಳಿಬಿಡ್ರಿ."

ಬಿಚ್ಚು ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡೆ.

"ಕಾಕೂನ್ನ ಕೇಳಿ ಹೇಳ್ತೀನಿ ತಡೀಪಾ," ಅಂದೆ.

ಫೋನಿನಲ್ಲಿ ಕೇಳುವ ಮಾತಲ್ಲ ಇದು. ಕಾಲೇಜಿಗೆ ರಜೆ ಚೀಟಿ ಕಳಿಸಿ ಜಮಖಂಡಿ ಬಸ್ಸು ಹತ್ತಿ ಕೂತಿದ್ದೇನೆ. ಹಂದರದ ಮಾತು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ಕೇಳಬೇಕಾದದ್ದು, ಆಕಿ ಯಾಕ ಹ್ವಾದ್ಲರಿ ಕಾಕು, ಎಂದು.